ಹರ್ಗೇಸದ ೨೬ನೆಯ ಸೇನಾವಿಭಾಗ

ವಾಚಕರೆ, ಸೋಮಾಲಿಯ ಎಂಬ ಹೆಸರು ನಮ್ಮ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಕೇಳಿಬಂದಾಗಲೂ ಅದು ಕ್ಷಾಮದ ವಾರ್ತೆಯಾಗಿಯೋ ಕಡಲುಗಳ್ಳರ ವಾರ್ತೆಯಾಗಿಯೋ ಬರುವುದು. ಆ ನಾಡಿನಲ್ಲಿ ಒಂದು ಕಾಲಕ್ಕೆ ಆಫ್ರಿಕ ಖಂಡದಲ್ಲಿಯೇ ಎಣಿಕೆಗೆ ಬರತಕ್ಕ ದೊಡ್ಡ ಸೇನೆಯಿತ್ತೆಂಬುದನ್ನೂ, ಕಡೆಗೆ ಆ ಸೇನೆಯು ಪರರಾಜ್ಯದ ಶತ್ರುವಿನಿಂದಲ್ಲದೆ ತನ್ನ ನಡತೆಯಿಂದಲೇ ಹೇಳಹೆಸರಿಲ್ಲದಂತಾಯಿತೆಂಬುದನ್ನೂ ಬಲ್ಲವರು ಕಡಮೆ. ಈ ತಿಂಗಳು ನಾವು ಆ ಸೇನೆಯ ಒಂದು ಭಾಗದ ಕಥೆಯನ್ನು ಹೇಳಬಯಸುವೆವು. ಹರ್ಗೇಸವೆಂಬ ಪಟ್ಟಣದಲ್ಲಿ ನೆಲೆಯಾಗಿದ್ದ ೨೬ನೆಯ ಸೇನಾವಿಭಾಗದ ಕಥೆ ಅದು.

ದಂಡಿನ ಕಥೆ ಗೃಹಸ್ಥರಿಗೇಕೆ ಎಂದು ಕೇಳುವವರಿರಬಹುದು. ದಂಡನ್ನು ಸಾಕುವುದು ಗೃಹಸ್ಥನು ಕೊಟ್ಟ ತೆರಿಗೆ. ದಂಡಿಗೆ ಸೇರುವವನು ಗೃಹಸ್ಥನ ಮಗ. ದಂಡು ದಾರಿತಪ್ಪಿದರೆ ಮೊದಲು ಉರುಳುವುದೂ ಗೃಹಸ್ಥನ ಮನೆಯ ಗೋಡೆಯೇ. ಆದಕಾರಣ ಈ ವಿಷಯವು ಸೇನಾಪತಿಗಳಿಗೆ ಮಾತ್ರ ಸೇರಿದ್ದೆಂದು ನಮಗೆ ತೋರುವುದಿಲ್ಲ.

ಭೂಪಟವನ್ನು ಬಿಡಿಸಿ ನೋಡಿದರೆ, ಅರಬ್ಬೀ ಸಮುದ್ರದ ಆಚೆಯ ದಡದಲ್ಲಿ ಆಫ್ರಿಕ ಖಂಡವು ಹಸುವಿನ ಕೊಂಬಿನಂತೆ ಮುಂಚಾಚಿಕೊಂಡಿರುವುದು ಕಾಣುತ್ತದೆ. ಅದೇ ಸೋಮಾಲಿ ಜನರ ನಾಡು. ಅದರ ಉತ್ತರ ತೀರದಲ್ಲಿ ಏಡನ್ನಿಗೆ ಎದುರಾಗಿ ಬರ್ಬೆರವೆಂಬ ರೇವುಪಟ್ಟಣವಿದೆ. ಈ ತೀರವು ನಮಗೆ ತೀರ ಅಪರಿಚಿತವಾದುದಲ್ಲ. ೧೮೮೪ರಿಂದೀಚೆಗೆ ಆಂಗ್ಲರು ಅಲ್ಲಿಯ ಕುಲಗಳೊಡನೆ ಕೌಲುಗಳನ್ನು ಮಾಡಿಕೊಂಡು ಆ ಪ್ರದೇಶವನ್ನು ತಮ್ಮ ರಕ್ಷಣೆಗೆ ತೆಗೆದುಕೊಂಡಾಗ, ಅದರ ಆಡಳಿತವನ್ನು ೧೮೯೮ರವರೆಗೆ ನಡೆಸಿದುದು ಹಿಂದೂಸ್ಥಾನದ ಸರಕಾರವೇ, ಏಡನ್ನಿನ ಮೂಲಕ. ಏಡನ್ನು ಆಗ ಮುಂಬಯಿ ಇಲಾಖೆಯ ಅಧೀನದಲ್ಲಿತ್ತು. ನಮ್ಮ ಧಾರವಾಡ, ಬೆಳಗಾವಿ, ಕಾರವಾರಗಳೂ ಅದೇ ಇಲಾಖೆಗೆ ಸೇರಿದ್ದುವು. ಎರಡನೆಯ ಮಹಾಯುದ್ಧದ ಕಾಲದವರೆಗೂ ಅಲ್ಲಿಯ ಸಂತೆಗಳಲ್ಲಿ ನಮ್ಮ ರೂಪಾಯಿಯೇ ನಡೆಯುತ್ತಿತ್ತು.

ಸೋಮಾಲಿಗಳದು ಹೆಚ್ಚಾಗಿ ಒಂಟೆ ಕುರಿಗಳನ್ನು ಅಟ್ಟಿಕೊಂಡು ಮಳೆ ಬಿದ್ದತ್ತ ಸಾಗುವ ಬಾಳು. ಒಂದೇ ಭಾಷೆ, ಒಂದೇ ಮತ. ಕವಿತೆಯೆಂದರೆ ಎಲ್ಲರಿಗೂ ಪ್ರಾಣ. ಇಷ್ಟು ಏಕತೆಯಿರುವ ಜನಾಂಗ ಆಫ್ರಿಕದಲ್ಲಿ ವಿರಳ. ಆದರೆ ಅವರೊಳಗೆ ಕುಲಭೇದವು ಬಲವಾದುದು. ನಮ್ಮಲ್ಲಿ ಗೋತ್ರಪ್ರವರಗಳನ್ನು ಹೇಳುವಂತೆ ಅಲ್ಲಿಯ ಹುಡುಗನು ತಂದೆ, ತಾತ, ಮುತ್ತಾತಂದಿರ ಹೆಸರುಗಳನ್ನು ಹಲವು ತಲೆಗಳವರೆಗೆ ಬಾಯಿಪಾಠವಾಗಿ ಹೇಳಬಲ್ಲನು. ಕೊಲೆಯಾದರೆ ತಪ್ಪುದಂಡವನ್ನು ಕೊಡುವುದೂ ಪಡೆಯುವುದೂ ಕುಲವೇ. ಬರಗಾಲದಲ್ಲಿ ಹಾಲುಕೊಟ್ಟು ಕಾಯುವುದೂ ಕುಲವೇ. ಉತ್ತರಭಾಗದಲ್ಲಿ ಇಸಾಕ್ ಎಂಬ ಕುಲದವರು ಹೆಚ್ಚಾಗಿರುವರು. ಇದನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗಿ ತಿಳಿಯುವುದು.

ಐರೋಪ್ಯರ ಕಾಲದಲ್ಲಿ ಈ ಜನರ ನೆಲವು ಐದು ಪಾಲಾಯಿತು. ಉತ್ತರವು ಆಂಗ್ಲರಿಗೆ, ದಕ್ಷಿಣವು ಇಟಾಲಿಯನರಿಗೆ, ಜಿಬೂತಿಯು ಫ್ರೆಂಚರಿಗೆ ಸೇರಿದುವು. ಒಗಾಡೆನ್ ಎಂಬ ಬಯಲುಸೀಮೆಯು, ನಮ್ಮ ಹಿರಿಯರು ಅಬಿಸೀನಿಯವೆಂದು ಕರೆಯುತ್ತಿದ್ದ ಇಥಿಯೋಪಿಯದ ವಶವಾಯಿತು. ಮತ್ತೊಂದು ತುಂಡು ಕೆನ್ಯದೊಳಗೆ ಉಳಿಯಿತು. ೧೯೫೪ರಲ್ಲಿ ಗೊತ್ತುಮಾಡಿದ ಸೋಮಾಲಿ ಧ್ವಜದಲ್ಲಿ ತಿಳಿನೀಲಿಯ ನಡುವೆ ಇರುವ ಬಿಳಿಯ ನಕ್ಷತ್ರಕ್ಕೆ ಐದು ಮೊನೆಗಳಿರುವುದು ಈ ಐದು ಪಾಲುಗಳ ಗುರುತಾಗಿಯೇ. ಅಗಲಿದ ಐದನ್ನೂ ಕೂಡಿಸಬೇಕೆಂಬ ಹಂಬಲ ಆ ನಾಡಿಗೆ ಹುಟ್ಟಿನಿಂದಲೇ ಬಂದುದು. ಸೇನೆಯನ್ನು ಬೆಳೆಸಿದುದೂ, ಕಡೆಗೆ ಕೆಡಿಸಿದುದೂ ಆ ಹಂಬಲವೇ ಎನ್ನಬಹುದು.

೧೯೬೦ನೆಯ ಇಸವಿ ಜೂನ್ ೨೬ರಂದು ಉತ್ತರಭಾಗವು ಆಂಗ್ಲರಿಂದ ಸ್ವತಂತ್ರವಾಯಿತು. ಐದು ದಿನಗಳ ತರುವಾಯ, ಜುಲೈ ೧ರಂದು, ದಕ್ಷಿಣಭಾಗವೂ ಸ್ವಾತಂತ್ರ್ಯವನ್ನು ಪಡೆದು ಎರಡೂ ಒಂದುಗೂಡಿದುವು. ಆಂಗ್ಲರು ಉತ್ತರದಲ್ಲಿ ಕಟ್ಟಿದ್ದ ಸ್ಕೌಟ್ ಪಡೆಯನ್ನೂ ದಕ್ಷಿಣದಲ್ಲಿ ಪೋಲೀಸಿನಿಂದ ಬೆಳೆದ ಪಡೆಯನ್ನೂ ಸೇರಿಸಿ ರಾಷ್ಟ್ರೀಯ ಸೇನೆಯೊಂದನ್ನು ಮಾಡಿದರು. ಆಗ ಅದರ ಬಲ ಕೆಲವೇ ಸಾವಿರ. ಮುಂದೆ ಸೇನೆಯು ಬೆಳೆದು ವಿಭಾಗಗಳಾಗಿ ಹಂಚಿಹೋದಾಗ, ಉತ್ತರಸೀಮೆಯನ್ನು ಕಾಯುವ ಹೊಣೆ ಹರ್ಗೇಸದ ೨೬ನೆಯ ವಿಭಾಗಕ್ಕೆ ಬಂದಿತು. ಈ ಅಂಕಿಯೂ ಉತ್ತರಕ್ಕೆ ಸ್ವಾತಂತ್ರ್ಯ ಬಂದ ತಾರೀಖೂ ಒಂದೇ ಆಗಿರುವುದು ವಾಚಕರ ಕಣ್ಣಿಗೆ ಬೀಳದಿರದು. ಸೋಮಾಲಿ ಭಾಷೆಯಲ್ಲಿ ಸೇನಾವಿಭಾಗಕ್ಕೆ ‘ಕಯ್ಬ್’ ಎನ್ನುವರು. ಪಾಲು ಎಂಬುದೇ ಅದರ ಅರ್ಥ.

ಎರಡು ನಾಡುಗಳು ಕೂಡಿದುವೆಂದು ಹೇಳಿದೆವಷ್ಟೆ. ಕೂಡಿದ ಮಾತ್ರಕ್ಕೆ ಒಂದಾಗಲಿಲ್ಲ. ಉತ್ತರದ ಕಚೇರಿಗಳು ಇಂಗ್ಲಿಷಿನಲ್ಲಿ ಬರೆಯುತ್ತಿದ್ದುವು, ದಕ್ಷಿಣದವು ಇಟಾಲಿಯನಿನಲ್ಲಿ. ಜನರೆಲ್ಲ ಆಡುತ್ತಿದ್ದ ಸೋಮಾಲಿಗೆ ಆಗಿನ್ನೂ ಸರಕಾರ ಒಪ್ಪಿದ ಲಿಪಿಯೇ ಇರಲಿಲ್ಲ. ರಾಜಧಾನಿಯು ದೂರದ ಮೊಗದಿಶುವಾಯಿತು. ಹಿರಿಯ ಹುದ್ದೆಗಳೂ ಬಹುಮಟ್ಟಿಗೆ ದಕ್ಷಿಣದವರ ಪಾಲಾದುವು. ೧೯೬೧ರ ಜೂನ್ ತಿಂಗಳಿನಲ್ಲಿ ಸಂವಿಧಾನದ ಮೇಲೆ ಜನಮತವನ್ನು ಕೇಳಿದಾಗ ಉತ್ತರದ ಜನರು ತಮ್ಮ ಅಸಮಾಧಾನವನ್ನು ಸ್ಪಷ್ಟವಾಗಿ ತೋರಿಸಿದರು.

ಅದೇ ವರ್ಷದ ಡಿಸೆಂಬರಿನಲ್ಲಿ ಹರ್ಗೇಸದಲ್ಲಿ ಒಂದು ಘಟನೆ ನಡೆಯಿತು. ಇಂಗ್ಲೆಂಡಿನಲ್ಲಿ ತರಬೇತಾದ ಕೆಲವು ಮಂದಿ ತರುಣ ಸೇನಾಧಿಕಾರಿಗಳು, ದಕ್ಷಿಣದ ಅಧಿಕಾರಿಗಳ ಕೈಕೆಳಗೆ ತಮ್ಮನ್ನಿಟ್ಟುದನ್ನು ಸಹಿಸದೆ, ದಂಡೆದ್ದು ಉತ್ತರದ ಪಟ್ಟಣಗಳನ್ನು ವಶಮಾಡಿಕೊಂಡು ಐಕ್ಯವನ್ನು ಮುರಿಯಲೆತ್ನಿಸಿದರು. ಅವರನ್ನು ತಡೆದವರು ಯಾರು? ಮೊಗದಿಶುವಿನಿಂದ ಬಂದ ಸೈನ್ಯವಲ್ಲ. ಅವರ ಕೈಕೆಳಗಿನ ಹವಾಲ್ದಾರರೂ ಸಿಪಾಯಿಗಳೂ ಮೇಲಧಿಕಾರಿಗಳ ಮಾತನ್ನು ಕೇಳದೆ ಅವರನ್ನೇ ಹಿಡಿದರು. ಬಂಡಾಯವು ಬಲುಬೇಗ ಮುಗಿಯಿತು. ಹಿಡಿದ ಅಧಿಕಾರಿಗಳ ಮೇಲೆ ವಿಚಾರಣೆ ನಡೆಯಿತು. ಎರಡು ನಾಡುಗಳ ಐಕ್ಯವನ್ನು ವಿಧಿಸುವ ಶಾಸನವು ಉತ್ತರದಲ್ಲಿ ಕ್ರಮಪ್ರಕಾರ ಸಿಂಧುವಾಗಿಲ್ಲವೆಂದು ಕಂಡು ನ್ಯಾಯಾಧೀಶನು ೧೯೬೩ರಲ್ಲಿ ಅವರನ್ನು ಬಿಡುಗಡೆಮಾಡಿದನು. ಒಬ್ಬನ ತಲೆಯನ್ನೂ ತೆಗೆಯಲಿಲ್ಲ. ಸಿಪಾಯಿಗೆ ತಾನು ನಾಡಿನವನೆಂಬ ಅರಿವು, ಸರಕಾರಕ್ಕೆ ನ್ಯಾಯಾಸ್ಥಾನದ ಮೇಲಣ ಗೌರವ: ಈ ಎರಡೂ ಆ ಎಳೆಯ ರಾಜ್ಯದಲ್ಲಿ ಆಗ ಇದ್ದುವು. ಮುಂದಾದುದನ್ನು ಅಳೆಯಲು ಇದೇ ನಮಗೆ ಅಳತೆಗೋಲು.

ಇಥಿಯೋಪಿಯದೊಡನೆ ಗಡಿಜಗಳಕ್ಕೆ ಬಲ ಬೇಕಾಗಿತ್ತು. ಪಾಶ್ಚಾತ್ಯ ರಾಷ್ಟ್ರಗಳು ಕೊಡಲೊಪ್ಪಿದ ಸಹಾಯ ಸ್ವಲ್ಪವಾದುದರಿಂದ ಸೋಮಾಲಿಯವು ೧೯೬೩ರಲ್ಲಿ ರಷ್ಯದ ಕಡೆಗೆ ತಿರುಗಿತು. ೧೯೬೪ರ ಆದಿಭಾಗದಲ್ಲಿ ಗಡಿಯಲ್ಲಿ ಕಿರುಯುದ್ಧವೊಂದು ನಡೆದು ಸುಡಾನದ ಮಧ್ಯಸ್ಥಿಕೆಯಿಂದ ನಿಂತಿತು. ಅಂದಿನಿಂದ ರಷ್ಯದ ಟ್ಯಾಂಕುಗಳೂ ವಿಮಾನಗಳೂ ಬರತೊಡಗಿದುವು. ತರುಣ ಅಧಿಕಾರಿಗಳು ತರಬೇತಿಗಾಗಿ ರಷ್ಯಕ್ಕೆ ಹೋಗತೊಡಗಿದರು. ಬಡನಾಡಿನಲ್ಲಿ ಶಾಲೆಗಿಂತ, ಆಸ್ಪತ್ರೆಗಿಂತ, ನ್ಯಾಯಾಸ್ಥಾನಕ್ಕಿಂತ ಪಾಳೆಯವೇ ದೊಡ್ಡದಾಯಿತು.

೧೯೬೯ರ ಅಕ್ಟೋಬರ್ ೧೫ರಂದು ಅಧ್ಯಕ್ಷನಾಗಿದ್ದ ಅಬ್ದಿರಶೀದ್ ಅಲಿ ಶೆರ್ಮಾರ್ಕೆಯು ಲಾಸ್ ಅನೋದ್ ಎಂಬ ಊರಿನಲ್ಲಿ ಗುಂಡಿಗೆ ಬಲಿಯಾದನು. ಆರು ದಿನಗಳಾಗುವಷ್ಟರಲ್ಲಿ ಸೇನೆಯ ದಂಡನಾಯಕ ಮೊಹಮ್ಮದ್ ಸಿಯಾದ್ ಬಾರ್ರೆಯು ರಾಜ್ಯವನ್ನು ಕೈಗೆ ತೆಗೆದುಕೊಂಡನು. ಅವನು ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಳ್ಳೆಯವೂ ಇದ್ದುವೆಂಬುದನ್ನು ಹೇಳದಿದ್ದರೆ ನ್ಯಾಯವಾಗದು. ೧೯೭೨ರಲ್ಲಿ ಸೋಮಾಲಿ ಭಾಷೆಗೆ ರೋಮನ್ ಅಕ್ಷರಗಳನ್ನು ಗೊತ್ತುಮಾಡಿ, ಎರಡು ವರ್ಷಗಳ ಮೇಲೆ ಪಟ್ಟಣದ ವಿದ್ಯಾರ್ಥಿಗಳನ್ನು ಸಾವಿರಗಟ್ಟಲೆಯಾಗಿ ಹಳ್ಳಿಗಳಿಗೆ ಕಳುಹಿಸಿ ಓದುಬರಹವನ್ನು ಕಲಿಸಿದನು. ಕುಲದ ಹೆಸರನ್ನೆತ್ತಬಾರದೆಂದು ಆಜ್ಞೆಮಾಡಿದನು. ಆದರೆ ತನ್ನ ಅಧಿಕಾರವನ್ನು ಕಾಯುವ ಜಾಗಗಳಲ್ಲಿ ಮಾತ್ರ ತನ್ನ ಕುಲದವರನ್ನೂ ಬಂಧುಗಳನ್ನೂ ನೋಡಿ ನೋಡಿ ಇಟ್ಟನು. ನಾಲಗೆಯ ಮೇಲೆ ನಿಷಿದ್ಧವಾದ ಕುಲವು ನೇಮಕದ ಪಟ್ಟಿಯಲ್ಲಿ ಬೇರುಬಿಟ್ಟಿತು.

೧೯೭೭ರ ಜುಲೈ ತಿಂಗಳಿನಲ್ಲಿ ಈ ಸೇನೆಯು ಒಗಾಡೆನ್ನಿಗೆ ನುಗ್ಗಿತು. ಇಥಿಯೋಪಿಯದಲ್ಲಿ ಚಕ್ರವರ್ತಿಯು ಪದಚ್ಯುತನಾಗಿ ಒಳಜಗಳವಿದ್ದ ಕಾಲ ಅದು. ಸೆಪ್ಟೆಂಬರಿನ ಹೊತ್ತಿಗೆ ಒಗಾಡೆನ್ನಿನ ಬಹುಭಾಗವೆಲ್ಲ ಸೋಮಾಲಿಗಳ ವಶವಾಯಿತು. ಹರ್ಗೇಸದಿಂದ ಗಡಿಯಾಚೆ ಇರುವ ಜಿಜಿಗವೂ ಬಿದ್ದಿತು. ಮುಂದಿನ ಹರಾರ್ ನಗರ ಮಾತ್ರ ಕೈಗೆ ಸಿಕ್ಕಲಿಲ್ಲ. ಅಷ್ಟರಲ್ಲಿ ರಷ್ಯವು ಪಕ್ಷವನ್ನು ಬದಲಾಯಿಸಿ ಇಥಿಯೋಪಿಯಕ್ಕೆ ಬೆಂಬಲವಾಯಿತು. ನವೆಂಬರ್ ೧೩ರಂದು ಸಿಯಾದ್ ಬಾರ್ರೆಯು ರಷ್ಯನರನ್ನು ಹೊರಡಿಸಿದನು. ರಷ್ಯವಾದರೋ ವಿಮಾನಗಳ ಮೂಲಕ ಅಪಾರ ಸಾಮಗ್ರಿಯನ್ನು ಇಥಿಯೋಪಿಯಕ್ಕೆ ಸಾಗಿಸಿತು. ಕ್ಯೂಬದಿಂದ ಹತ್ತು ಸಾವಿರಕ್ಕೂ ಹೆಚ್ಚಿನ ಸೈನಿಕರು ಬಂದಿಳಿದರು. ತಮಗೆ ಯುದ್ಧವನ್ನು ಕಲಿಸಿದ ಗುರುಗಳೇ ಎದುರು ಪಾಳೆಯದಲ್ಲಿ ನಿಂತುದನ್ನು ಸೋಮಾಲಿ ಸಿಪಾಯಿಗಳು ಕಂಡರು. ೧೯೭೮ರ ಮಾರ್ಚ್ ೫ರಂದು ಜಿಜಿಗವು ಕೈಬಿಟ್ಟಿತು. ೯ರಂದು ಸೇನೆಯನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಸಿಯಾದ್ ಬಾರ್ರೆಯು ಸಾರಿದನು.

ಸೋಲು ಎಲ್ಲ ಸೇನೆಗಳಿಗೂ ಬರುವುದುಂಟು. ಸೋಲಿನ ತರುವಾಯ ಮನೆಯೊಳಗೆ ನಡೆದುಕೊಂಡ ರೀತಿಯೇ ಸೋಮಾಲಿ ಸೇನೆಗೆ ಮೃತ್ಯುವಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ ೯ರಂದು, ಕೆಲವು ಅಧಿಕಾರಿಗಳು ಬಂಡಾಯವೆದ್ದು ವಿಫಲರಾದರು. ಈ ಸಲ ಬಿಡುಗಡೆಮಾಡುವ ನ್ಯಾಯಾಧೀಶನಿರಲಿಲ್ಲ. ಹದಿನೇಳು ಮಂದಿಗೆ ಮರಣದಂಡನೆಯಾಯಿತು; ಅವರಲ್ಲಿ ಹೆಚ್ಚಿನವರು ಮಜೀರ್ತೀನ್ ಎಂಬ ಒಂದೇ ಕುಲದವರು. ಆ ಕುಲದ ಸೀಮೆಯ ಮೇಲೆಯೂ ಸರಕಾರದ ಕೋಪ ತಿರುಗಿತು. ಒಗಾಡೆನ್ನಿನಿಂದ ಲಕ್ಷಗಟ್ಟಲೆಯಾಗಿ ಬಂದ ನಿರಾಶ್ರಿತರಲ್ಲಿ ಬಹುಮಂದಿಯನ್ನು ಉತ್ತರದ ಇಸಾಕ್ ಜನರ ನೆಲದಲ್ಲಿ ಇಳಿಸಿದರು. ಅವರಲ್ಲಿ ಹಲವರಿಗೆ ಕೋವಿಗಳನ್ನೂ ಕೊಟ್ಟರು. ೧೯೮೦ರಲ್ಲಿ ಅಮೆರಿಕವು ಬರ್ಬೆರದ ರೇವನ್ನು ಬಳಸಿಕೊಳ್ಳುವ ಒಪ್ಪಂದವನ್ನು ಮಾಡಿಕೊಂಡು ಹೊಸ ಆಶ್ರಯದಾತನಾಯಿತು. ಗಡಿಯಲ್ಲಿ ಸೋತ ಸೇನೆಯು ಸಂಖ್ಯೆಯಲ್ಲಿ ಮಾತ್ರ ಬೆಳೆಯುತ್ತ ಅರವತ್ತು ಸಾವಿರವನ್ನು ಮುಟ್ಟಿತು.

ಉತ್ತರದವರ ಅಸಮಾಧಾನ ಕಾವೇರಿ, ೧೯೮೧ರ ಏಪ್ರಿಲಿನಲ್ಲಿ ಲಂಡನ್ ನಗರದಲ್ಲಿ ಸೋಮಾಲಿ ರಾಷ್ಟ್ರೀಯ ಚಳವಳಿ ಎಂಬ ವಿರೋಧಪಕ್ಷವನ್ನು ಸ್ಥಾಪಿಸಿದರು. ಅದು ಬಳಿಕ ಇಥಿಯೋಪಿಯದ ನೆಲದಲ್ಲಿ ನೆಲೆಮಾಡಿಕೊಂಡು ಗಡಿದಾಟಿ ಕಾದಾಡತೊಡಗಿತು. ಹರ್ಗೇಸದ ೨೬ನೆಯ ವಿಭಾಗಕ್ಕೆ ಆಗ ಅಧಿಪತಿಯಾಗಿದ್ದವನು ಮೊಹಮ್ಮದ್ ಹಾಶಿ ಗನ್ನಿ ಎಂಬ ಸೇನಾಪತಿ. ಅಲ್ಲಿಂದ ಮುಂದೆ ಉತ್ತರದಲ್ಲಿ ಸೇನೆಯ ಮಾತೇ ಕಾಯಿದೆ. ಸಂಜೆಯಾದರೆ ಬಾಗಿಲು ಮುಚ್ಚಬೇಕೆಂಬ ನಿರ್ಬಂಧ, ಊರೂರು ತಿರುಗುವ ಸೈನಿಕ ನ್ಯಾಯಸಭೆ, ಕುಲವನ್ನು ನೋಡಿ ಹಿಡಿಯುವ ಬಂಧನ: ಇವು ದಿನಚರಿಯಾದುವು.

ಒಂದು ಸಂಗತಿಯನ್ನು ಇಲ್ಲಿ ವಿಸ್ತರಿಸಿ ಹೇಳಬೇಕು. ಹರ್ಗೇಸದ ಸರಕಾರಿ ಆಸ್ಪತ್ರೆಯು ಔಷಧವಿಲ್ಲದೆ, ಶುಚಿಯಿಲ್ಲದೆ ಹಾಳುಬಿದ್ದಿತ್ತು. ಊರಿನ ಕೆಲವು ಮಂದಿ ತರುಣ ವೈದ್ಯರೂ ಉಪಾಧ್ಯಾಯರೂ ಇಂಜಿನಿಯರುಗಳೂ ಸೇರಿ ಚಂದಾ ಎತ್ತಿ, ತಾವೇ ಗುಡಿಸಿ ತೊಳೆದು, ಅದನ್ನು ಸರಿಪಡಿಸಲು ತೊಡಗಿದರು. ಸರಕಾರಕ್ಕೆ ಇದು ರಾಜದ್ರೋಹವಾಗಿ ಕಂಡಿತು. ೧೯೮೧ರ ಕೊನೆಯಲ್ಲಿ ಅವರನ್ನು ಹಿಡಿದರು. ಮರುವರ್ಷ ಫೆಬ್ರುವರಿಯಲ್ಲಿ ವಿಚಾರಣೆ ನಡೆದಾಗ ಶಾಲೆಯ ಮಕ್ಕಳು ಬೀದಿಗೆ ಬಂದರು, ದಂಡು ಗುಂಡುಹಾರಿಸಿತು. ಆ ತರುಣರಲ್ಲಿ ಹಲವರಿಗೆ ದೀರ್ಘ ಕಾರಾಗೃಹವಾಸವಾಯಿತು. ಲಬಾತನ್ ಜಿರೋ ಎಂಬ ದೂರದ ಸೆರೆಮನೆಯಲ್ಲಿ ಒಬ್ಬೊಬ್ಬರನ್ನೂ ಒಂದೊಂದು ಕತ್ತಲ ಕೋಣೆಯಲ್ಲಿ ವರ್ಷಗಟ್ಟಲೆ ಒಂಟಿಯಾಗಿಟ್ಟರು. ಮಾತಾಡುವಂತಿಲ್ಲ. ಅವರು ಗೋಡೆಯನ್ನು ಬೆರಳಿನಿಂದ ಬಡಿದು ಅಕ್ಷರ ಅಕ್ಷರವಾಗಿ ಸಂಭಾಷಿಸುವ ಒಂದು ಉಪಾಯವನ್ನು ಕಂಡುಹಿಡಿದರು. ಕೈದಿಗಳಲ್ಲಿ ವೈದ್ಯನೊಬ್ಬನಿಗೆ ಒಮ್ಮೆ ಪುಸ್ತಕವೊಂದು ದೊರೆಯಿತು. ಟಾಲ್‌ಸ್ಟಾಯ್ ಮಹಾಶಯನ ‘ಅನ್ನಾ ಕರೇನಿನಾ’ ಎಂಬ ದೊಡ್ಡ ಕಾದಂಬರಿ. ಪಕ್ಕದ ಕೋಣೆಯಲ್ಲಿ ಬುದ್ಧಿಭ್ರಮಣೆಯ ಅಂಚಿಗೆ ಬಂದಿದ್ದ ಗೆಳೆಯನಿಗಾಗಿ ಆತನು ಆ ಗ್ರಂಥವನ್ನು ಗೋಡೆಯ ಮೇಲೆ ಬಡಿದು ಬಡಿದು ತಿಳಿಸಿದನು. ಇಬ್ಬರೂ ಬದುಕಿ ೧೯೮೯ರಲ್ಲಿ ಹೊರಗೆ ಬಂದರು. ಆಸ್ಪತ್ರೆಯನ್ನು ಗುಡಿಸಿದವರಿಗೆ ಹೆದರುವ ರಾಜ್ಯವು ಒಳಗೆ ಎಷ್ಟು ಟೊಳ್ಳಾಗಿರಬೇಕು!

೧೯೮೬ರಲ್ಲಿ ೨೬ನೆಯ ವಿಭಾಗದ ಆಧಿಪತ್ಯವು ಮೊಹಮ್ಮದ್ ಸಯೀದ್ ಹರ್ಸಿ ಎಂಬುವನಿಗೆ ಬಂದಿತು. ಮೋರ್ಗನ್ ಎಂಬುದು ಅವನ ಅಡ್ಡಹೆಸರು. ಅವನು ಸಿಯಾದ್ ಬಾರ್ರೆಯ ಅಳಿಯ. ಉತ್ತರದ ಇಸಾಕ್ ಜನರ ಮೇಲೆ ಕೈಗೊಳ್ಳಬೇಕಾದ ಕಠೋರ ಕ್ರಮಗಳನ್ನು ಸೂಚಿಸಿ ಅವನು ೧೯೮೭ರಲ್ಲಿ ಅಧ್ಯಕ್ಷನಿಗೆ ಬರೆದ ವರದಿಯನ್ನು ಸೋಮಾಲಿಗಳು ಇಂದಿಗೂ ‘ಮೃತ್ಯುಪತ್ರ’ವೆಂದು ಕರೆಯುವರು. ಗಡಿಯನ್ನು ಕಾಯಲು ನೇಮಿಸಿದ ವಿಭಾಗಕ್ಕೆ ಈಗ ತಾನು ಕಾಯುವ ಜನವೇ ಶತ್ರುವಾಯಿತು.

೧೯೮೮ರ ಏಪ್ರಿಲಿನಲ್ಲಿ ಸೋಮಾಲಿಯವೂ ಇಥಿಯೋಪಿಯವೂ ಸಂಧಿಮಾಡಿಕೊಂಡು, ಒಬ್ಬರ ವಿರೋಧಿಗಳಿಗೆ ಮತ್ತೊಬ್ಬರು ಆಶ್ರಯ ಕೊಡುವುದಿಲ್ಲವೆಂದು ಒಪ್ಪಿದರು. ನೆಲೆತಪ್ಪಿದ ಚಳವಳಿಯ ಯೋಧರು ಬೇರೆ ದಾರಿಗಾಣದೆ ಮೇ ೨೭ರಂದು ಬುರಾವೊ ಪಟ್ಟಣದ ಮೇಲೂ, ೩೧ರಂದು ಹರ್ಗೇಸದ ಮೇಲೂ ಬಿದ್ದರು. ಸೇನೆಯು ಕೊಟ್ಟ ಉತ್ತರವು ಆ ಯೋಧರಿಗೆ ಮಾತ್ರ ಕೊಟ್ಟುದಲ್ಲ, ಊರಿಗೇ ಕೊಟ್ಟುದು. ತೋಪುಗಳು ಬೀದಿಬೀದಿಗಳ ಮೇಲೆ ಗುಂಡು ಸುರಿಸಿದುವು. ಹರ್ಗೇಸದ ಅಂಚಿನಲ್ಲಿಯೇ ಇರುವ ವಿಮಾನನಿಲ್ದಾಣದಿಂದ ಮೇಲೆದ್ದ ವಿಮಾನಗಳು ಹರ್ಗೇಸದ ಮೇಲೆಯೇ ಬಾಂಬುಗಳನ್ನು ಕೆಡವಿ, ಮರಳಿ ಅಲ್ಲಿಯೇ ಇಳಿದು, ಮತ್ತೆ ಬಾಂಬುಗಳನ್ನು ತುಂಬಿಕೊಂಡು ಏಳುತ್ತಿದ್ದುವು. ತಾನಿಳಿಯುವ ಊರನ್ನೇ ತಾನು ಸುಡುವ ಯುದ್ಧವನ್ನು ಚರಿತ್ರೆಯು ಹೆಚ್ಚಾಗಿ ಕಂಡಿಲ್ಲ. ವಿಮಾನಗಳನ್ನು ನಡೆಸಿದವರಲ್ಲಿ ಕೂಲಿಗೆ ತಂದ ಪರದೇಶಿಗಳೂ ಇದ್ದರು. ಸೋಮಾಲಿ ವೈಮಾನಿಕನೊಬ್ಬನು ಮಾತ್ರ ಜನರ ಮೇಲೆ ಬಾಂಬುಹಾಕಲು ಒಪ್ಪದೆ ತನ್ನ ವಿಮಾನವನ್ನು ನೆರೆಯ ಜಿಬೂತಿಗೆ ಹಾರಿಸಿಕೊಂಡು ಹೋದನು.

ಪಟ್ಟಣದ ಬಹುಭಾಗ ನೆಲಸಮವಾಯಿತು. ಸತ್ತ ಪ್ರಜೆಗಳ ಸಂಖ್ಯೆಯನ್ನು ಸಾಮಾನ್ಯವಾಗಿ ಐವತ್ತು ಸಾವಿರದ ಮೇಲೆಂದೇ ಎಣಿಸುವರು. ಲಕ್ಷಗಟ್ಟಲೆ ಜನರು ಮುದುಕರನ್ನೂ ಮಕ್ಕಳನ್ನೂ ಹೊತ್ತುಕೊಂಡು ಕಾಲ್ನಡೆಯಾಗಿ ಇಥಿಯೋಪಿಯದ ಗಡಿಯನ್ನು ದಾಟಿದರು. ಅಲ್ಲಿಯ ಹರ್ತಶೇಖ್ ಎಂಬ ಬಯಲಿನಲ್ಲಿ ಎದ್ದ ನಿರಾಶ್ರಿತರ ಶಿಬಿರವು ಆ ಕಾಲಕ್ಕೆ ಲೋಕದಲ್ಲಿಯೇ ಅತಿ ದೊಡ್ಡವುಗಳಲ್ಲೊಂದು. ಹಳ್ಳಿಗಾಡಿನಲ್ಲಿ ಮಳೆನೀರನ್ನು ಹಿಡಿದಿಡುವ ಗಚ್ಚಿನ ತೊಟ್ಟಿಗಳನ್ನು ಸೈನಿಕರು ಒಡೆದರು; ಮನೆಗಳಲ್ಲಿಯೂ ದಾರಿಗಳಲ್ಲಿಯೂ ನೆಲಬಾಂಬುಗಳನ್ನು ಹುಗಿದರು. ಬರದ ಸೀಮೆಯಲ್ಲಿ ನೀರಿನ ತೊಟ್ಟಿಯನ್ನು ಒಡೆಯುವುದೆಂದರೇನೆಂಬುದನ್ನು ಬಯಲುಸೀಮೆಯ ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. ಇಷ್ಟರ ನಡುವೆಯೂ ಹರ್ಗೇಸದ ರೇಡಿಯೋ ನಿಲಯಕ್ಕೆ ಸೇರಿದವರೂ ಗಾಯಕರೂ ಹಾಡಿನ ಟೇಪುಗಳನ್ನು ಕೂಡಿಸಿ ನೆಲದಡಿಯಲ್ಲಿ ಹೂತಿಟ್ಟರು, ಕೆಲವನ್ನು ಗಡಿಯಾಚೆಗೆ ಸಾಗಿಸಿದರು. ಹಾಗೆ ಉಳಿದುಬಂದ ಹಾಡುಗಳು ಇಂದು ಆ ಪಟ್ಟಣದ ಸಂಸ್ಕೃತಿಕೇಂದ್ರವೊಂದರಲ್ಲಿ ಭದ್ರವಾಗಿವೆ.

ಊರನ್ನು ಗೆದ್ದೆನೆಂದುಕೊಂಡ ಸೇನೆಗೆ ಮುಂದೇನಾಯಿತು? ಒಂದು ಕುಲವನ್ನು ಹೊಡೆದುದನ್ನು ಕಂಡು ಉಳಿದ ಕುಲಗಳು ತಮ್ಮ ಸರದಿ ಯಾವಾಗಲೋ ಎಂದು ಎಣಿಸತೊಡಗಿದುವು. ೧೯೮೯ರಲ್ಲಿ ದಕ್ಷಿಣದ ಕಿಸ್ಮಾಯುವಿನಲ್ಲಿ ಒಗಾಡೆನ್ ಕುಲದ ಸೈನಿಕರೇ ದಂಗೆಯೆದ್ದರು. ನಡುನಾಡಿನಲ್ಲಿ ಹಾವಿಯ ಕುಲದವರು ಎದ್ದರು. ಸಿಪಾಯಿಗಳು ಕೋವಿಗಳೊಡನೆ ಪಾಳೆಯಗಳನ್ನು ಬಿಟ್ಟು ತಂತಮ್ಮ ಕುಲದ ಗುಂಪುಗಳನ್ನು ಸೇರಿದರು. ೧೯೯೦ರ ಕೊನೆಯ ದಿನಗಳಲ್ಲಿ ಮೊಗದಿಶುವಿನ ಬೀದಿಗಳಲ್ಲಿಯೇ ಯುದ್ಧ ಹತ್ತಿತು. ೧೯೯೧ರ ಜನವರಿ ೨೬ರಂದು ಸಿಯಾದ್ ಬಾರ್ರೆಯು ರಾಜಧಾನಿಯನ್ನು ಬಿಟ್ಟು ಓಡಿದನು. ಅವನೊಡನೆ ರಾಷ್ಟ್ರೀಯ ಸೇನೆಯೂ ಮುಗಿಯಿತು. ಉತ್ತರದಲ್ಲಿ ೨೬ನೆಯ ವಿಭಾಗವೂ ಚೆದರಿಹೋಯಿತು. ಅದೇ ಮೇ ೧೮ರಂದು ಉತ್ತರದವರು ಬುರಾವೊದಲ್ಲಿ ಸಭೆಸೇರಿ, ಸೋಮಾಲಿಲ್ಯಾಂಡ್ ಎಂಬ ಹೆಸರಿನಲ್ಲಿ ತಾವು ಬೇರೆಯೆಂದು ಸಾರಿದರು. ೧೯೬೧ರಲ್ಲಿ ಹವಾಲ್ದಾರರು ಉಳಿಸಿಕೊಟ್ಟ ಐಕ್ಯವನ್ನು ಸೇನಾಪತಿಗಳು ಕಳೆದುಬಿಟ್ಟರು.

ದಕ್ಷಿಣದಲ್ಲಿ ಅರಾಜಕತೆಯೂ ಅದರ ಬೆನ್ನಹಿಂದೆ ೧೯೯೨ರ ಘೋರ ಕ್ಷಾಮವೂ ಬಂದುವು. ಈ ಭಾಗದಲ್ಲಿ ನಮ್ಮ ದೇಶದ ಹೆಸರೂ ಸೇರಿದೆ. ವಿಶ್ವಸಂಸ್ಥೆಯ ಕರೆಯಂತೆ ಭಾರತದ ೬೬ನೆಯ ಪದಾತಿ ಬ್ರಿಗೇಡು ೧೯೯೩ರಲ್ಲಿ ಅಲ್ಲಿಗೆ ಹೋಗಿ, ಬೈದೋವ ಪಟ್ಟಣವೇ ಮೊದಲಾದ ಕಡೆ ನೆಲಸಿ, ಧಾನ್ಯದ ಗಾಡಿಗಳನ್ನು ಕಾದು, ಭಾವಿಗಳನ್ನು ತೋಡಿಸಿ, ರೋಗಿಗಳಿಗೆ ಚಿಕಿತ್ಸೆಮಾಡಿ, ೧೯೯೪ರ ಡಿಸೆಂಬರಿನಲ್ಲಿ ಹಿಂದಿರುಗಿತು. ಅನ್ಯದೇಶದ ಸಿಪಾಯಿಯು ಧಾನ್ಯದ ಗಾಡಿಯನ್ನು ಕಾಯಬೇಕಾದ ಸ್ಥಿತಿಯು ತನ್ನ ಸೇನೆಯನ್ನು ಕಳೆದುಕೊಂಡ ನಾಡಿನ ಸ್ಥಿತಿ. ಕೆಟ್ಟ ಸೇನೆಯಿಂದಾದ ಕೇಡು ಒಂದು. ಸೇನೆಯೇ ಇಲ್ಲದುದರಿಂದಾದ ಕೇಡು ಮತ್ತೊಂದು. ಎರಡನ್ನೂ ಆ ಜನರು ಒಂದೇ ತಲೆಮಾರಿನಲ್ಲಿ ಉಂಡರು.

ಉತ್ತರದವರು ಬೇರೆ ದಾರಿಯನ್ನು ಹಿಡಿದರು. ೧೯೯೩ರಲ್ಲಿ ಬೊರಾಮವೆಂಬ ಊರಿನಲ್ಲಿ ಕುಲಗಳ ಹಿರಿಯರು ತಿಂಗಳುಗಟ್ಟಲೆ ಕೂತು ಮಾತಾಡಿ ಒಂದು ಸರಕಾರವನ್ನು ನಿಲ್ಲಿಸಿದರು. ಕೋವಿಹಿಡಿದ ಹುಡುಗರನ್ನು ಒಪ್ಪಿಸಿ ಹೊಸ ಪಡೆಗೆ ಸೇರಿಸಿಕೊಂಡರು. ನಡುವೆ ಒಳಯುದ್ಧವೂ ಆಯಿತು, ಅದನ್ನೂ ಮಾತಿನಿಂದಲೇ ಮುಗಿಸಿದರು. ಲೋಕದ ಬಹುತೇಕ ರಾಷ್ಟ್ರಗಳು ಆ ರಾಜ್ಯವನ್ನು ಮಾನ್ಯಮಾಡಿಲ್ಲ. ಆದರೂ ಹರ್ಗೇಸವು ಮತ್ತೆ ಎದ್ದು ನಿಂತಿದೆ. ಊರ ನಡುವಿನ ಚೌಕದಲ್ಲಿ, ಬಾಂಬುಹಾಕಿದ ವಿಮಾನಗಳಲ್ಲೊಂದನ್ನು ಕಟ್ಟೆಯ ಮೇಲೆ ನಿಲ್ಲಿಸಿ ಸ್ಮಾರಕಮಾಡಿರುವರು. ಊರಿನ ಮಗಳೇ ಆದ ಎಡ್ನ ಅದಾನ್ ಎಂಬ ಸೂಲಗಿತ್ತಿ ಮಹಿಳೆಯು ತಾನು ದುಡಿದ ಹಣವನ್ನು ಹಾಕಿ ಕಟ್ಟಿದ ಹೆರಿಗೆ ಆಸ್ಪತ್ರೆಯು ೨೦೦೨ರಲ್ಲಿ ತೆರೆಯಿತು. ಆಸ್ಪತ್ರೆಯನ್ನು ಗುಡಿಸಿದುದಕ್ಕೆ ಸೆರೆಮನೆ ಸಿಕ್ಕಿದ ಊರು ಇದೇ ಎಂಬುದನ್ನು ವಾಚಕರು ಮರೆತಿರಲಾರರು.

ಹಳೆಯ ಲೆಕ್ಕಗಳು ಪೂರ್ತಿಯಾಗಿ ತೀರಲಿಲ್ಲ. ೧೯೯೭ರಲ್ಲಿ ಹರ್ಗೇಸದಲ್ಲಿ ಬಿದ್ದ ದೊಡ್ಡ ಮಳೆಗೆ ನೆಲ ಕೊಚ್ಚಿಹೋಗಿ, ಕೈಕಟ್ಟಿ ಹೂತ ಜನರ ಎಲುಬುಗಳು ರಾಶಿರಾಶಿಯಾಗಿ ಮೇಲೆದ್ದುವು. ಆ ಕಾಲದಲ್ಲಿ ರಕ್ಷಣಾಮಂತ್ರಿಯೂ ಪ್ರಧಾನಿಯೂ ಆಗಿದ್ದ ಮೊಹಮ್ಮದ್ ಅಲಿ ಸಮಾತರನು ಅಮೆರಿಕದಲ್ಲಿ ನೆಲಸಿದ್ದನು. ನೊಂದವರು ಅಲ್ಲಿಯ ನ್ಯಾಯಾಸ್ಥಾನಕ್ಕೆ ಹೋದರು. ಪರರಾಜ್ಯದ ಅಧಿಕಾರಿಯೆಂಬ ಕಾರಣಕ್ಕೆ ಆ ದೇಶದ ರಕ್ಷಣೆಯ ಕಾಯಿದೆಯು ಅವನನ್ನು ಕಾಯಲಾರದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ೨೦೧೦ರಲ್ಲಿ ತೀರ್ಮಾನಿಸಿತು. ೨೦೧೨ರಲ್ಲಿ ಎರಡು ಕೋಟಿ ಹತ್ತು ಲಕ್ಷ ಡಾಲರುಗಳ ಪರಿಹಾರವನ್ನು ವಿಧಿಸಿದ ತೀರ್ಪು ಬಂದಿತು. ಹಣಕ್ಕಿಂತ ಹೆಚ್ಚಾಗಿ, ನಡೆದುದು ನಡೆಯಿತೆಂದು ಒಂದು ನ್ಯಾಯಪೀಠವು ಬರೆದುಕೊಟ್ಟುದೇ ಆ ಜನರಿಗೆ ದೊರೆತ ಸಮಾಧಾನ.

ಪಾಠವನ್ನು ಎಲ್ಲರೂ ಕಲಿತರೆಂದು ಹೇಳುವಂತಿಲ್ಲ. ಸೋಮಾಲಿಲ್ಯಾಂಡಿನ ಹೊಸ ಸೇನೆಯೇ ೨೦೨೩ರಲ್ಲಿ, ತನ್ನ ಆಳಿಕೆಯನ್ನು ಒಪ್ಪದ ಲಾಸ್ ಅನೋದ್ ಪಟ್ಟಣದ ಮೇಲೆ ತಿಂಗಳುಗಟ್ಟಲೆ ತೋಪುಹಾರಿಸಿತು. ಲಕ್ಷಕ್ಕೂ ಮೀರಿ ಜನರು ಮನೆಬಿಟ್ಟು ಓಡಿದರು. ಕಡೆಗೆ ಆಗಸ್ಟಿನಲ್ಲಿ ಆ ಸೇನೆ ಸೋತು ಹಿಂದೆಸರಿಯಬೇಕಾಯಿತು. ಹರ್ಗೇಸದ ಮಕ್ಕಳೇ ಮತ್ತೊಂದು ಊರಿಗೆ ಅದನ್ನು ಮಾಡಿದರೆಂಬುದು ಕೇಳಲು ಕಹಿಯಾದರೂ ಸತ್ಯ. ಇತ್ತ ಮೊಗದಿಶುವಿನಲ್ಲಿ ರಾಷ್ಟ್ರೀಯ ಸೇನೆಯನ್ನು ಮತ್ತೆ ಕಟ್ಟುತ್ತಿರುವರು. ತುರ್ಕಿಯವರು ೨೦೧೭ರಲ್ಲಿ ಅಲ್ಲಿ ದೊಡ್ಡ ತರಬೇತಿ ಪಾಳೆಯವನ್ನು ತೆರೆದರು. ೧೯೯೨ರಲ್ಲಿ ವಿಶ್ವಸಂಸ್ಥೆ ಹಾಕ್ಕಿದ್ದ ಶಸ್ತ್ರನಿಷೇಧವು ೨೦೨೩ರ ಡಿಸೆಂಬರಿನಲ್ಲಿ ಎದ್ದಿತು. ಬೈದೋವದ ೬೦ನೆಯದು, ನಡುನಾಡಿನ ೨೧ನೆಯದು ಎಂದು ಹಳೆಯ ವಿಭಾಗಗಳ ಅಂಕಿಗಳನ್ನೇ ಹೊಸ ಪಡೆಗಳಿಗೆ ಇಟ್ಟಿರುವರು. ಅಂಕಿಯನ್ನು ಮರಳಿ ತರುವುದು ಸುಲಭ. ಯಾವ ಕುಲದ ಬೀದಿಯಲ್ಲಿ ನಡೆದರೂ ಆ ಬೀದಿಯ ತಾಯಿ ಬಾಗಿಲು ಮುಚ್ಚಿಕೊಳ್ಳದಂಥ ಸಿಪಾಯಿಯನ್ನು ಬೆಳೆಸುವುದು ಕಷ್ಟ.

ರಾಷ್ಟ್ರಗಳ ಬಲವನ್ನು ಅಳೆಯುವಾಗ ಲೋಕವು ತೋಪು ಟ್ಯಾಂಕುಗಳನ್ನು ಎಣಿಸುವುದು. ಸೋಮಾಲಿಯದಲ್ಲಿ ಆ ಎಣಿಕೆಗೆ ಕೊರತೆಯಿರಲಿಲ್ಲ. ಕೆಲವೇ ಸಾವಿರವಿದ್ದಾಗ ಆ ಸೇನೆ ನಾಡನ್ನು ಒಡೆಯಗೊಡಲಿಲ್ಲ; ಅರವತ್ತು ಸಾವಿರವಾದಾಗ ತಾನೇ ಒಡೆಯಿತು. ಹಿಂದೆ ಹವಾಲ್ದಾರನಿಗೆ ಅಧಿಕಾರಿಯ ತಪ್ಪು ಆಜ್ಞೆಗೆ ಒಲ್ಲೆನೆನ್ನುವ ಧೈರ್ಯವಿತ್ತು, ಅವನ ಹಿಂದೆ ನ್ಯಾಯಾಸ್ಥಾನವಿತ್ತು. ಅವೆರಡೂ ಹೋದಮೇಲೆ ಒಲ್ಲೆನೆಂದವನಿಗೆ ಜಿಬೂತಿಗೆ ಹಾರಿಹೋಗುವುದೊಂದೇ ದಾರಿಯಾಯಿತು. ಹತ್ತು ದಿಕ್ಕಿನ ಮಕ್ಕಳು ಒಂದೇ ಪಂಕ್ತಿಯಲ್ಲಿ ಉಂಡು ಒಂದೇ ಸಾಲಿನಲ್ಲಿ ನಿಲ್ಲುವ ದಂಡು ನಮ್ಮದು. ಆ ಸಾಲಿನಲ್ಲಿ ಯಾರ ಮಗನೆಂದು ಕೇಳದಿರುವ ಪದ್ಧತಿಯು ತಾನಾಗಿ ಉಳಿಯತಕ್ಕುದಲ್ಲ. ಮನೆಗಳಲ್ಲಿ ಆಡುವ ಮಾತಿನಿಂದಲೇ ಅದು ಉಳಿಯಬೇಕು, ಅಳಿದರೂ ಅದರಿಂದಲೇ ಅಳಿಯುವುದು. ಇಷ್ಟನ್ನು ವಾಚಕರು ತಮ್ಮ ಮನೆಯ ಕಿರಿಯರೊಡನೆ ಆಲೋಚಿಸಿದರೆ ಈ ತಿಂಗಳ ನಮ್ಮ ಬರೆಹ ಸಾರ್ಥಕವಾಗುವುದು.